ಬೆರಿ ಸೇಂಟ್ ಎಡ್ಮಂಡ್ಸ್‌ನಲ್ಲಿ ಮನೆ ಮಾಡಿದ್ದು: ಒಂದು ಚಳಿಗಾಲದ ಓಡಾಟ

ನಮ್ಮನೆಯವರಿಗೆ ಕೇಂಬ್ರಿಡ್ಜ್‌ನ ಒಂದು ಲ್ಯಾಬಿನಲ್ಲಿ ಕೆಲಸ ಸಿಕ್ಕಿದ್ದು 2025ರ ಬೇಸಿಗೆಯಲ್ಲಿ. ಮಂಡ್ಯದಿಂದ ನಾವು ಮೂವರು ಹೊರಟು ಬಂದೆವು: ಅವರು, ನಾನು, ಆರು ವರ್ಷದ ಮಗಳು. ಆದರೆ ಈಗ ನಾವಿರುವುದು ಕೇಂಬ್ರಿಡ್ಜ್‌ನಲ್ಲಲ್ಲ. ಅಲ್ಲಿಂದ ರೈಲಿನಲ್ಲಿ ಸುಮಾರು ಮುಕ್ಕಾಲು ಗಂಟೆ ಪೂರ್ವಕ್ಕೆ, ಸಫೋಕ್‌ನ ಬೆರಿ ಸೇಂಟ್ ಎಡ್ಮಂಡ್ಸ್ ಎಂಬ ಹಳೇ ಸಂತೆ ಊರಿನಲ್ಲಿ. ಇಲ್ಲಿಯವರು ಚಿಕ್ಕದಾಗಿ ಬೆರಿ ಅಂತಾರೆ. ಮನೆ, ಮಗಳ ಶಾಲೆ, ತೆರಿಗೆ, ಕಸದ ಡಬ್ಬಿ ಎಲ್ಲ ಒಂದು ಹದಕ್ಕೆ ಬರುವಷ್ಟರಲ್ಲಿ ಒಂದು ಚಳಿಗಾಲವೇ ಕಳೆಯಿತು. ಲಂಡನ್ ಬಗ್ಗೆ ಕನ್ನಡದಲ್ಲಿ ಹೇಳುವವರು ಬೇಕಾದಷ್ಟಿದ್ದಾರೆ. ಇಂಥ ಸಣ್ಣ ಊರುಗಳ ಬಗ್ಗೆ ಹೇಳುವವರು ಕಡಿಮೆ. ಹಿಂದೆ ಬರುವವರಿಗೆ ಉಪಯೋಗವಾಗಲಿ ಅಂತ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ಬಂದ ಹೊಸತರಲ್ಲಿ ಕೇಂಬ್ರಿಡ್ಜ್‌ನಲ್ಲೇ ಒಂದು ಕೋಣೆ ಹಿಡಿದಿದ್ದೆವು. ಅಡುಗೆಮನೆ ಬೇರೆಯವರ ಜೊತೆ ಹಂಚಿಕೊಳ್ಳಬೇಕು. ಒಗ್ಗರಣೆ ಹಾಕಿದರೆ ಸಾಕು, ಹೊಗೆ ಎಚ್ಚರಿಕೆಯ ಗಂಟೆ ಬಡಿದುಕೊಳ್ಳುತ್ತಿತ್ತು. ಅಲ್ಲಿ ಎರಡು ಬೆಡ್‌ರೂಮಿನ ಮನೆ ಬಾಡಿಗೆ ಕೇಳಿದರೆ ಸಂಬಳದ ದೊಡ್ಡ ಪಾಲು ಅಲ್ಲೇ ಹೋಗುವ ಹಾಗಿತ್ತು. ಲ್ಯಾಬಿನಲ್ಲಿ ಕೆಲವರು ಬೆರಿಯಿಂದ ರೈಲಿನಲ್ಲಿ ಬರುತ್ತಾರೆ ಅಂತ ಗೊತ್ತಾಯಿತು. ಗಂಟೆಗೊಂದು ರೈಲು. ಸರಿ, ಒಂದು ಬುಧವಾರ ಮಗಳನ್ನು ಕರೆದುಕೊಂಡು ನೋಡಲು ಬಂದೆ.

ಬುಧವಾರ, ಶನಿವಾರ ಇಲ್ಲಿ ಸಂತೆ. ಕಾರ್ನ್‌ಹಿಲ್, ಬಟರ್‌ಮಾರ್ಕೆಟ್ ಎಂಬ ಬೀದಿಗಳಲ್ಲಿ ಬಟ್ಟೆಯ ಚಾವಣಿ ಕಟ್ಟಿ ಅಂಗಡಿ ಇಡುತ್ತಾರೆ. ತರಕಾರಿಯವನು ಹೂಕೋಸಿನ ಬೆಲೆ ಕೂಗುತ್ತಿದ್ದ. ಕೂಗಿ ಮಾರುವ ದನಿ ಕೇಳಿ ಎಷ್ಟೋ ದಿನವಾಗಿತ್ತು. ನನಗೆ ಅಲ್ಲೇ ಅರ್ಧ ಮನಸ್ಸಾಯಿತು. ಅಲ್ಲಿಂದ ಇಳಿಜಾರಿನಲ್ಲಿ ಬಂದರೆ ಏಂಜೆಲ್ ಹಿಲ್. ಎದುರಿಗೆ ಮಠದ ಹೆಬ್ಬಾಗಿಲು. 869ರಲ್ಲಿ ಡೆನ್ಮಾರ್ಕ್ ಕಡೆಯ ದಾಳಿಕಾರರಾದ ಡೇನರ ಕೈಯಲ್ಲಿ ಸತ್ತ ಎಡ್ಮಂಡ್ ರಾಜನ ಹೆಸರಿನ ಮಠ ಇದು. ಒಂದು ಕಾಲಕ್ಕೆ ಇಂಗ್ಲೆಂಡಿನ ಶ್ರೀಮಂತ ಮಠಗಳಲ್ಲಿ ಒಂದು. 1327ರಲ್ಲಿ ಊರಿನ ಜನ ಮಠದ ದಬ್ಬಾಳಿಕೆ ತಾಳಲಾರದೆ ದಂಗೆ ಎದ್ದು ಹಳೇ ಬಾಗಿಲನ್ನು ಕೆಡವಿದರು. ಈಗಿರುವುದು ಆಮೇಲೆ ಕಟ್ಟಿಸಿದ್ದು. 1539ರಲ್ಲಿ ಎಂಟನೇ ಹೆನ್ರಿ ಮಠವನ್ನೇ ಮುಚ್ಚಿಸಿದ. ಕಲ್ಲುಗಳು ಊರಿನ ಮನೆಗಳ ಗೋಡೆ ಸೇರಿದವು. ಚರ್ಚಿನ ಪಡುವಣ ಗೋಡೆಯ ಅವಶೇಷದೊಳಗೇ ಮನೆಗಳಿವೆ. ಒರಟು ಚಕಮಕಿ ಕಲ್ಲಿನ ದೊಡ್ಡ ದಿಮ್ಮಿಗಳ ನಡುವೆ ಬಣ್ಣದ ಬಾಗಿಲು, ಕಿಟಕಿಯಲ್ಲಿ ಪರದೆ. ಮಗಳು ಹೋಗಿ ಆ ಕಲ್ಲು ಮುಟ್ಟಿ ನೋಡಿ, "ಅಮ್ಮಾ, ಇದರೊಳಗೆ ನಿಜವಾಗ್ಲೂ ಯಾರಾದ್ರೂ ಇದಾರಾ?" ಅಂತ ಕೇಳಿದಳು.

ಹಾಗಾಗಿ ಮೊದಲು ನೋಡಿದ ಮನೆಯೂ ಹಳೇ ಪೇಟೆಯದ್ದೇ. ಬಾಲ್ಡ್‌ವಿನ್ ಎಂಬ ಮಠಾಧಿಪತಿ 11ನೇ ಶತಮಾನದಲ್ಲಿ ಚೌಕಳಿ ಹಾಕಿಸಿದ ಬೀದಿಗಳು ಅಲ್ಲಿ ಇವತ್ತಿಗೂ ಹಾಗೇ ಇವೆ. ಮನೆ ಚೆಂದ. ಕಡಿಮೆ ಎತ್ತರದ ಚಾವಣಿ, ಸೊಟ್ಟಗಿರುವ ಮರದ ತೊಲೆ. ಆದರೆ ಕಿಟಕಿಯ ಹತ್ತಿರ ಕೈ ಹಿಡಿದರೆ ಗಾಳಿ ಸೋಕುತ್ತಿತ್ತು. ಒಂದೇ ಪದರದ ಗಾಜು. ಸಂರಕ್ಷಿತ ಕಟ್ಟಡವಾದ್ದರಿಂದ ಮಾಲೀಕರು ಮನಸ್ಸು ಮಾಡಿದರೂ ಅನುಮತಿ ಇಲ್ಲದೆ ಕಿಟಕಿ ಬದಲಿಸುವ ಹಾಗಿಲ್ಲ. ಮಂಚದ ಹಿಂದಿನ ಗೋಡೆಯಲ್ಲಿ ಸುಣ್ಣ ಉಬ್ಬಿ, ಉಗುರಿನಲ್ಲಿ ತಟ್ಟಿದರೆ ಟೊಳ್ಳು ಸದ್ದು. ಕಾರು ನಿಲ್ಲಿಸಲು ಪರ್ಮಿಟ್ ಬೇಕು, ಅದೂ ಬೀದಿಯಲ್ಲಿ ಜಾಗ ಇದ್ದರೆ. ಅದನ್ನು ಬಿಟ್ಟೆವು.

ಇಲ್ಲಿ ಪ್ರತಿ ಬಾಡಿಗೆ ಮನೆಗೂ ಶಕ್ತಿ ಬಳಕೆಯ ಸರ್ಟಿಫಿಕೇಟ್ ಇರುತ್ತದೆ, ಇಪಿಸಿ ಅಂತಾರೆ. ಎಯಿಂದ ಜಿವರೆಗೆ ದರ್ಜೆ. ಬಾಡಿಗೆಗೆ ಕೊಡಬೇಕಾದರೆ ಕನಿಷ್ಠ ಇ ಇರಬೇಕು, ಕೆಲವು ಹಳೇ ಕಟ್ಟಡಗಳಿಗೆ ಮಾತ್ರ ವಿನಾಯಿತಿ. ವಿಳಾಸ ಹಾಕಿದರೆ ಸರ್ಕಾರದ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ಬಿಟ್ಟಿಯಾಗಿ ನೋಡಬಹುದು. ಮನೆ ನೋಡಲು ಹೋಗುವ ಮುಂಚೆಯೇ ಇದನ್ನು ನೋಡಿಕೊಳ್ಳಿ. ಸೆಪ್ಟೆಂಬರಿನ ಬಿಸಿಲಲ್ಲಿ ಎಲ್ಲ ಮನೆಯೂ ಬೆಚ್ಚಗೇ ಕಾಣುತ್ತದೆ. ನೀವು ಅದರಲ್ಲಿ ಜನವರಿ ಕಳೆಯಬೇಕು.

ಆಮೇಲೆ ನಮ್ಮ ಕಣ್ಣು ಬಿದ್ದದ್ದು ಮಾರ್ಟನ್ ಹಾಲ್ ಬಡಾವಣೆಯ ಮೇಲೆ. ಊರಿನ ಪೂರ್ವಕ್ಕಿದೆ. ಪೇಟೆಗೂ ಇದಕ್ಕೂ ನಡುವೆ ಎ14 ಹೆದ್ದಾರಿ. ಕಳೆದ ಐವತ್ತು ವರ್ಷದಲ್ಲಿ ಹಂತ ಹಂತವಾಗಿ ಬೆಳೆದ ಜಾಗ. ಇಟ್ಟಿಗೆಯ ಮನೆಗಳು, ಮುಂದೆ ಒಂದು ಕಾರಿನ ಜಾಗ, ಹಿಂದೆ ಸಣ್ಣ ಹಿತ್ತಲು, ಮನೆಗಳ ಹಿಂದೆ ಹಿಂದೆಯೇ ಹೋಗುವ ಕಾಲುದಾರಿಗಳು. ಪ್ರವಾಸಿಗರು ಯಾರೂ ಇತ್ತ ಬರುವುದಿಲ್ಲ. ಪಕ್ಕದಲ್ಲೇ ರೌಗಮ್ ಏರ್‌ಫೀಲ್ಡ್. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಬಿ-17 ಬಾಂಬರ್‌ಗಳು ಅಲ್ಲಿಂದ ಏರುತ್ತಿದ್ದವು. ಇಲ್ಲಿನ ಪಬ್ಬಿಗೂ ಆ ವಿಮಾನದ ಹೆಸರೇ, ಫ್ಲೈಯಿಂಗ್ ಫೋರ್ಟ್ರೆಸ್.

ಈಗ ಕಾಗದ ಪತ್ರದ ವಿಷಯ. ನಮ್ಮನ್ನು ಜಾಸ್ತಿ ಸುಸ್ತು ಮಾಡಿದ್ದು ಇದೇ.

ಮೊದಲು, ಬಾಡಿಗೆಗೆ ಇರುವ ಹಕ್ಕಿನ ತಪಾಸಣೆ. ನಿಮ್ಮ ವೀಸಾ ಈಗ ಕಾರ್ಡಲ್ಲ, ಬರೀ ಆನ್‌ಲೈನ್. ಸರ್ಕಾರದ ಖಾತೆಗೆ ಹೋಗಿ ಶೇರ್ ಕೋಡ್ ತೆಗೆದು, ಹುಟ್ಟಿದ ತಾರೀಕಿನ ಜೊತೆ ಮನೆ ಬಾಡಿಗೆಗೆ ಕೊಡಿಸುವ ಏಜೆಂಟರಿಗೆ ಕೊಡಬೇಕು. ಬಾಡಿಗೆಯ ಕೋಡ್ ಆರ್ ಅಕ್ಷರದಿಂದ ಶುರುವಾಗುತ್ತದೆ. ಕೆಲಸದ ಕೋಡ್ ಡಬ್ಲ್ಯೂನಿಂದ. ಒಂದನ್ನು ಇನ್ನೊಂದರ ಜಾಗದಲ್ಲಿ ಕೊಟ್ಟರೆ ನಡೆಯುವುದಿಲ್ಲ. 90 ದಿನದ ಮೇಲೆ ಹೊಸದು ತೆಗೆಯಬೇಕು. ಮನೆಯಲ್ಲಿರುವ 18 ದಾಟಿದ ಪ್ರತಿಯೊಬ್ಬರಿಗೂ ಬೇರೆ ಬೇರೆ ಕೋಡ್.

ಎರಡನೆಯದು ರೆಫರೆನ್ಸಿಂಗ್, ಅಂದರೆ ನಾವು ಬಾಡಿಗೆ ಸರಿಯಾಗಿ ಕಟ್ಟುವವರಾ ಅಂತ ನೋಡುವುದು. ವರ್ಷದ ಸಂಬಳ ತಿಂಗಳ ಬಾಡಿಗೆಯ 30 ಪಟ್ಟಾದರೂ ಇರಬೇಕು ಅನ್ನುವುದು ಸಾಮಾನ್ಯ ಲೆಕ್ಕ. 1,200 ಪೌಂಡ್ ಬಾಡಿಗೆಗೆ 36,000 ಪೌಂಡ್ ಸಂಬಳ. ನಮಗೆ ಅದೇನೋ ಸರಿಹೋಯಿತು. ಆದರೆ ಇಲ್ಲಿ ಸಾಲದ ಚರಿತ್ರೆ ಇಲ್ಲ, ಹಳೇ ಮನೆ ಮಾಲೀಕರ ಪತ್ರ ಇಲ್ಲ. ಭಾರತದ ಸಿಬಿಲ್ ಸ್ಕೋರ್ ಎಷ್ಟಿದ್ದರೂ ಇಲ್ಲಿ ಲೆಕ್ಕಕ್ಕಿಲ್ಲ. ಏಜೆಂಟರು ಎರಡೇ ದಾರಿ ಹೇಳಿದರು. ಬ್ರಿಟನ್ನಿನಲ್ಲಿ ಸ್ವಂತ ಮನೆ ಇರುವ ಜಾಮೀನುದಾರರನ್ನು ತನ್ನಿ, ಇಲ್ಲವೇ ಆರು ತಿಂಗಳ ಬಾಡಿಗೆ ಮುಂಗಡ ಕಟ್ಟಿ. 7,200 ಪೌಂಡ್. ರೂಪಾಯಿಯಲ್ಲಿ ಎಂಟು ಲಕ್ಷದ ಮೇಲಾಯಿತು.

ಆ ರಾತ್ರಿ ನಾನು ಊರಿಗೆ ಫೋನ್ ಮಾಡಿದೆ. ಕೇಳಬೇಕೋ ಬೇಡವೋ ಅಂತ ಒದ್ದಾಡುತ್ತಿದ್ದೆ. ಅಪ್ಪನೇ ಅಂದರು, "ಯಾಕವ್ವಾ, ದನಿ ಹಿಂಗೈತೆ? ಕಬ್ಬಿನ ದುಡ್ಡು ಬ್ಯಾಂಕಲ್ಲೈತೆ. ಎಷ್ಟು ಬೇಕು ಹೇಳು, ಕಳಿಸ್ತೀನಿ." ಫೋನ್ ಇಟ್ಟು ಅತ್ತೆ. ವರ್ಷವಿಡೀ ಗದ್ದೆಯಲ್ಲಿ ದುಡಿದು ಕೂಡಿಟ್ಟಿದ್ದು ಅದು. ಒಂದಿಷ್ಟು ನಮ್ಮ ಉಳಿತಾಯ, ಉಳಿದದ್ದು ಅಪ್ಪನದ್ದು. ಹಣ ಬರುವಷ್ಟರಲ್ಲಿ ಬ್ಯಾಂಕಿನಲ್ಲಿ ಹೊರದೇಶಕ್ಕೆ ಹಣ ಕಳಿಸುವ ಎ2 ಫಾರಂ, ಪ್ಯಾನ್, ಯಾಕೆ ಕಳಿಸುತ್ತಿದ್ದೀರಿ ಅನ್ನುವುದಕ್ಕೆ ಪತ್ರ, ಎಲ್ಲ ಆಗಬೇಕಾಯಿತು. ಒಂದು ಆರ್ಥಿಕ ವರ್ಷದಲ್ಲಿ 10 ಲಕ್ಷ ರೂಪಾಯಿ ದಾಟಿದ ಮೇಲೆ ಬ್ಯಾಂಕಿನವರು ಟಿಸಿಎಸ್ ಎಂಬ ತೆರಿಗೆ ಹಿಡಿಯುತ್ತಾರೆ, ನೆನಪಿರಲಿ.

ನಿಮಗೊಂದು ಒಳ್ಳೇ ಸುದ್ದಿ. 2026ರ ಮೇ 1ರಿಂದ ಇಂಗ್ಲೆಂಡಿನಲ್ಲಿ ಹೊಸ ಬಾಡಿಗೆ ಕಾನೂನು ಜಾರಿಯಾಗಿದೆ. ಈಗ ಒಂದು ತಿಂಗಳಿಗಿಂತ ಜಾಸ್ತಿ ಬಾಡಿಗೆಯನ್ನು ಮುಂಗಡ ಕೇಳುವ ಹಾಗಿಲ್ಲ. ಜಾಹೀರಾತಿನಲ್ಲಿ ಹಾಕಿದ್ದಕ್ಕಿಂತ ಜಾಸ್ತಿ ಬಾಡಿಗೆ ಒಪ್ಪಿಕೊಳ್ಳುವ ಹಾಗೂ ಇಲ್ಲ. ಕಾರಣ ಕೊಡದೆ ಮನೆ ಬಿಡಿಸುವ ಹಾಗಿಲ್ಲ. ಬಿಡಬೇಕೆಂದರೆ ನಾವು ಎರಡು ತಿಂಗಳ ನೋಟಿಸ್ ಕೊಟ್ಟರೆ ಸಾಕು. ಅಪ್ಪನ ಕಬ್ಬಿನ ದುಡ್ಡು ನೆನೆದಾಗೆಲ್ಲ, ಈ ಕಾನೂನು ಇನ್ನೂ ಸ್ವಲ್ಪ ಬೇಗ ಬರಬಾರದಿತ್ತಾ ಅನ್ನಿಸುತ್ತದೆ. ಜಾಮೀನು ಕೇಳುವುದು ಮಾತ್ರ ಈಗಲೂ ಇದೆ.

ಮಾರ್ಟನ್ ಹಾಲ್‌ನಲ್ಲಿ ಮೊದಲು ಒಪ್ಪಿದ ಮನೆ ಕೈತಪ್ಪಿತು. 288 ಪೌಂಡ್ ಹೋಲ್ಡಿಂಗ್ ಡಿಪಾಸಿಟ್ ಕಟ್ಟಿದ್ದೆವು. ಮನೆಯನ್ನು ನಮಗೆ ಅಂತ ಹಿಡಿದಿಡಲು ಕೊಡುವ ಹಣ ಅದು. ಒಂದು ವಾರದ ಬಾಡಿಗೆಗಿಂತ ಜಾಸ್ತಿ ಕೇಳುವ ಹಾಗಿಲ್ಲ. ತಪಾಸಣೆ ಎಲ್ಲ ಮುಗಿದು, ಸಾಮಾನು ಕಟ್ಟಲು ಶುರು ಮಾಡಿದ ಮೇಲೆ ಫೋನ್ ಬಂತು. ಮಾಲೀಕರು ಮನಸ್ಸು ಬದಲಿಸಿ ಮನೆ ಮಾರುತ್ತಾರಂತೆ. ಮಗಳು ಆಗಲೇ ತನ್ನ ಕೋಣೆಯ ಚಿತ್ರ ಬರೆದು ಗೋಡೆಗೆ ಅಂಟಿಸಿಕೊಂಡಿದ್ದಳು. ಅವಳಿಗೆ ಹೇಳುವುದೇ ಕಷ್ಟವಾಯಿತು.

ಹಣ ಮಾತ್ರ ವಾಪಸ್ ಬರಲಿಲ್ಲ. ಕೇಳಿದರೆ, ಅಕೌಂಟ್ಸ್ ವಿಭಾಗಕ್ಕೆ ಹೋಗಿದೆ, ಈ ವಾರ ಆಗುತ್ತದೆ ಅನ್ನೋರು. ಮಾಲೀಕರೇ ಹಿಂದೆ ಸರಿದರೆ ಏಳು ದಿನದೊಳಗೆ ಪೂರ್ತಿ ಹಣ ಹಿಂದಿರುಗಿಸಬೇಕು ಅಂತ 2019ರ ಟೆನೆಂಟ್ ಫೀಸ್ ಆಕ್ಟ್ ಹೇಳುತ್ತದೆ. ನಮ್ಮನೆಯವರು ಜಗಳ ಅಂದರೆ ದೂರ. "ಹೋಗ್ಲಿ ಬಿಡು, ಹೊಸ ಜಾಗ" ಅಂದರು. "ರೀ, ನಮ್ಮ ದುಡ್ಡು ನಾವು ಕೇಳೋದು ಜಗಳ ಹೆಂಗಾಗುತ್ತೆ?" ಅಂತ ನಾನೇ ಕೂತು ಮೇಲ್ ಬರೆದೆ. ಹಣ ಕಟ್ಟಿದ ತಾರೀಕು, ಅವರು ಬೇಡವೆಂದ ತಾರೀಕು, ಕಾನೂನಿನ ಹೆಸರು, ಇಷ್ಟೇ. ಎಲ್ಲ ಏಜೆಂಟರೂ ಒಂದು ದೂರು ಪರಿಹಾರ ಸಂಸ್ಥೆಯಲ್ಲಿ ಸದಸ್ಯರಾಗಿರಲೇಬೇಕು. ಇವರು ಯಾವುದರಲ್ಲಿದ್ದಾರೆ ಅಂತ ಅವರ ವೆಬ್‌ಸೈಟಿನಲ್ಲೇ ಇತ್ತು. ಅಲ್ಲಿಗೆ ದೂರು ಕೊಡುತ್ತೇವೆ ಅಂತ ಕೊನೆಯಲ್ಲಿ ಹಾಕಿದೆ. ಮರುದಿನವೇ ಹಣ ಬಂತು. ಫೋನಿನಲ್ಲಿ ಎಷ್ಟು ಮಾತಾಡಿದರೂ, ಕೊನೆಗೆ ಅದನ್ನೇ ಮೇಲಿನಲ್ಲಿ ಬರೆದು ಕಳಿಸಿ.

ಅದೇ ಬಡಾವಣೆಯಲ್ಲಿ ಇನ್ನೊಂದು ಮನೆ ಅಕ್ಟೋಬರ್ ಕೊನೆಗೆ ಸಿಕ್ಕಿತು. ಬಾಡಿಗೆ 1,200. ಡಿಪಾಸಿಟ್ 1,384 ಪೌಂಡ್, ಅಂದರೆ ಐದು ವಾರದ ಬಾಡಿಗೆ. ಇದಕ್ಕಿಂತ ಜಾಸ್ತಿ ಕೇಳುವ ಹಾಗಿಲ್ಲ. 30 ದಿನದೊಳಗೆ ಅದನ್ನು ಸರ್ಕಾರ ಒಪ್ಪಿದ ಡಿಪಾಸಿಟ್ ರಕ್ಷಣೆ ಯೋಜನೆಯೊಂದರಲ್ಲಿ ಇಟ್ಟು ನಮಗೆ ಕಾಗದ ಕೊಡಬೇಕು. ಕೊಟ್ಟರಾ ಇಲ್ಲವಾ ನೋಡಿಕೊಳ್ಳಿ.

ಕೀಲಿ ಕೈಗೆ ಬಂದ ದಿನ ಸಾಮಾನು ಇಳಿಸುವ ಮುಂಚೆ ಮಾಡಿದ ಕೆಲಸ ಫೋಟೋ ತೆಗೆದದ್ದು. ಮನೆಯ ಸ್ಥಿತಿಯ ವರದಿ ಒಂದನ್ನು ಕೊಡುತ್ತಾರೆ, ಇನ್ವೆಂಟರಿ. ಅದನ್ನು ಕೈಲಿ ಹಿಡಿದು ಕೋಣೆ ಕೋಣೆಗೆ ಹೋದೆವು. ಅಡುಗೆಕಟ್ಟೆಯ ಅಂಚಿನಲ್ಲಿ ಸುಟ್ಟ ಕಲೆ, ವರದಿಯಲ್ಲಿಲ್ಲ. ಮೆಟ್ಟಿಲ ಕಾರ್ಪೆಟ್ಟಿನ ಮೂರನೇ ಮೆಟ್ಟಿಲಲ್ಲಿ ದಾರ ಕಿತ್ತಿದೆ, ವರದಿಯಲ್ಲಿಲ್ಲ. ಬಾತ್‌ರೂಮಿನ ಕಿಟಕಿಯ ಸಿಲಿಕಾನ್ ಪಟ್ಟಿಯಲ್ಲಿ ಸಾಸಿವೆ ಕಾಳಿನಷ್ಟು ಕಪ್ಪು ಚುಕ್ಕೆಗಳ ಸಾಲು. ನಾನು ಮಂಡಿಯೂರಿ ಕೂತು ಹತ್ತಿರದಿಂದ ತೆಗೆದೆ. ಎಲ್ಲವನ್ನೂ ಏಜೆಂಟರಿಗೆ ಕಳಿಸಿ, ಸೇರಿಸಿದ್ದೇವೆ ಅಂತ ಉತ್ತರ ತರಿಸಿಕೊಂಡೆವು. ಮನೆ ಬಿಡುವಾಗ ಇದೇ ಸಾಕ್ಷಿ. ಗ್ಯಾಸ್, ಕರೆಂಟು, ನೀರಿನ ಮೀಟರ್‌ಗಳ ಫೋಟೋನೂ ಆ ದಿನವೇ ತೆಗೆಯಬೇಕು. ಇಲ್ಲದಿದ್ದರೆ ಹಿಂದಿನವರು ಸುಟ್ಟ ಗ್ಯಾಸಿನ ಲೆಕ್ಕ ನಿಮ್ಮ ತಲೆಗೆ ಬರಬಹುದು.

ಆಮೇಲೆ ಪತ್ರಗಳ ಮಳೆ. ಇಲ್ಲಿನ ಸ್ಥಳೀಯ ಆಡಳಿತವಾದ ವೆಸ್ಟ್ ಸಫೋಕ್ ಕೌನ್ಸಿಲ್‌ನಿಂದ ಕೌನ್ಸಿಲ್ ಟ್ಯಾಕ್ಸ್, ನಮ್ಮ ಕಡೆಯ ಮನೆ ಕಂದಾಯದ ಹಾಗೆ. ಬಾಡಿಗೆದಾರರೇ ಕಟ್ಟಬೇಕು, ಇದು ನಮ್ಮವರಿಗೆ ಎಷ್ಟೋ ಜನಕ್ಕೆ ಗೊತ್ತಿರುವುದಿಲ್ಲ. 1991ರ ಬೆಲೆ ಹಿಡಿದು ಮನೆಗಳನ್ನು ಎಯಿಂದ ಎಚ್‌ವರೆಗೆ ದರ್ಜೆ ಮಾಡಿದ್ದಾರೆ. ನಮ್ಮದು ಸಿ. ತಿಂಗಳಿಗೆ 200 ಪೌಂಡಿನ ಹತ್ತಿರ. ಮನೆಯಲ್ಲಿ ಒಬ್ಬರೇ ದೊಡ್ಡವರಿದ್ದರೆ ಕಾಲು ಭಾಗ ರಿಯಾಯಿತಿ. ಬಾಡಿಗೆ ಲೆಕ್ಕ ಹಾಕುವಾಗಲೇ ಇದನ್ನು ಸೇರಿಸಿಕೊಳ್ಳಿ. ನೀರು ಆಂಗ್ಲಿಯನ್ ವಾಟರ್‌ನದ್ದು. ಗಡಸು ನೀರು, ಕೆಟಲ್ಲಿನ ತಳದಲ್ಲಿ ಬೇಗ ಬಿಳಿ ಪದರ ಕಟ್ಟುತ್ತದೆ. ಟಿವಿ ನೇರ ಪ್ರಸಾರ ನೋಡುವುದಾದರೆ ಲೈಸೆನ್ಸ್ ಬೇಕು, ನಾವು ಬಂದಾಗ ವರ್ಷಕ್ಕೆ 174.50 ಪೌಂಡ್ ಇತ್ತು.

ಮಗಳ ಶಾಲೆ ನನ್ನ ದೊಡ್ಡ ಚಿಂತೆ. ವರ್ಷದ ನಡುವೆ ಸೇರಿಸುವುದರಿಂದ ಸಫೋಕ್ ಕೌಂಟಿ ಕೌನ್ಸಿಲ್‌ಗೆ ಬೇರೆ ಅರ್ಜಿ. ವಿಳಾಸದ ಪುರಾವೆ ಬೇಕು, ಕರಾರು ಪತ್ರ ಆಗುತ್ತದೆ. ನಡೆದು ಹೋಗುವಷ್ಟು ಹತ್ತಿರದ ಶಾಲೆಯ ಎರಡನೇ ತರಗತಿ ಭರ್ತಿ. ಸ್ವಲ್ಪ ದೂರದ ಇನ್ನೊಂದರಲ್ಲಿ ಜಾಗ ಕೊಟ್ಟರು. ಅರ್ಜಿ ಕೊಟ್ಟ 15 ಶಾಲಾ ದಿನದೊಳಗೆ ಅವರು ಉತ್ತರ ಕೊಡಲೇಬೇಕು ಅಂತ ನಿಯಮ ಇದೆ. ಬೇಡ ಅಂದರೆ ಮೇಲ್ಮನವಿಯ ಹಕ್ಕೂ ಇದೆ. ನಾವು ಸಿಕ್ಕ ಶಾಲೆಗೆ ಸೇರಿಸಿ, ಹತ್ತಿರದ ಶಾಲೆಯ ಕಾಯುವ ಪಟ್ಟಿಯಲ್ಲೂ ಹೆಸರು ಇಟ್ಟೆವು. ಅಷ್ಟು ದಿನ ಮನೆಯಲ್ಲೇ ಇದ್ದ ಮಗು, ಮೊದಲ ದಿನ ಸಂಜೆ ಬಾಗಿಲಲ್ಲಿ ನಿಂತು ಹೊಸ ಗೆಳತಿಯ ಹೆಸರು ಹೇಳಿದಾಗ ನನ್ನ ಎದೆಯ ಭಾರ ಇಳಿಯಿತು. ಫೆಬ್ರವರಿಯಲ್ಲಿ ಹತ್ತಿರದ ಶಾಲೆಯಲ್ಲಿ ಜಾಗವಾಯಿತು ಅಂತ ಮೇಲ್ ಬಂತು. ಅವಳು ಹೋಗಲು ಒಪ್ಪಲಿಲ್ಲ. ನಾವೂ ಬಲವಂತ ಮಾಡಲಿಲ್ಲ.

ಜಿಪಿ, ಅಂದರೆ ಯಾವ ಕಾಯಿಲೆಗೂ ಮೊದಲು ನೋಡುವ ಊರಿನ ಡಾಕ್ಟರರ ಹತ್ತಿರ ಹೆಸರು ನೋಂದಾಯಿಸಲು ದುಡ್ಡು ಬೇಡ, ವಿಳಾಸದ ಪುರಾವೆ ಇಲ್ಲ ಅಂತ ಅವರು ತಿರಸ್ಕರಿಸುವ ಹಾಗಿಲ್ಲ. ವೀಸಾ ಹೊತ್ತಲ್ಲೇ ದೊಡ್ಡವರಿಗೆ ವರ್ಷಕ್ಕೆ 1,035 ಪೌಂಡ್, ಮಕ್ಕಳಿಗೆ 776 ಪೌಂಡ್ ಆರೋಗ್ಯ ಶುಲ್ಕ ಕಟ್ಟಿರುತ್ತೇವಲ್ಲ, ಸುಮ್ನೆ ಹಿಂಜರಿಯಬೇಡಿ. ಹಲ್ಲಿನ ಡಾಕ್ಟರು ಬೇರೆ ವಿಷಯ. ಎನ್‌ಎಚ್‌ಎಸ್ ಎಂಬ ಸರ್ಕಾರಿ ಆರೋಗ್ಯ ಸೇವೆಯ ಲೆಕ್ಕದಲ್ಲಿ ಹೊಸಬರನ್ನು ತೆಗೆದುಕೊಳ್ಳುವ ಕ್ಲಿನಿಕ್ ನಮಗೆ ಸಿಗಲೇ ಇಲ್ಲ. ಹಲ್ಲಿನ ಕೆಲಸ ಏನಿದ್ದರೂ ಊರಲ್ಲೇ ಮುಗಿಸಿಕೊಂಡು ಬನ್ನಿ.

ನವೆಂಬರಿನ ಒಂದು ಬೆಳಿಗ್ಗೆ ಬಾಗಿಲು ತೆರೆದಾಗ ಮೂಗಿಗೆ ಬಡಿದ ವಾಸನೆಗೆ ನಾನು ಹಾಗೇ ನಿಂತೆ. ಬೆರಿಯಲ್ಲಿ ದೊಡ್ಡ ಸಕ್ಕರೆ ಕಾರ್ಖಾನೆ ಇದೆ, 1925ರಿಂದ. ಇಲ್ಲಿ ಕಬ್ಬಲ್ಲ, ಬೀಟ್ ಗೆಡ್ಡೆ. ಶರತ್ಕಾಲದಿಂದ ಚಳಿಗಾಲದ ಕೊನೆವರೆಗೂ ಲಾರಿಗಟ್ಟಲೆ ಗೆಡ್ಡೆ ಬರುತ್ತಲೇ ಇರುತ್ತದೆ. ಚಿಮಣಿಯ ಬಿಳಿ ಹಬೆ ದೂರದಿಂದಲೇ ಕಾಣುತ್ತದೆ. ಗಾಳಿ ಈ ಕಡೆ ಬೀಸಿದ ದಿನ ಬೆಂದ ಗೆಡ್ಡೆಯ, ಮಣ್ಣಿನ ವಾಸನೆ. ಹೊಸಬರಿಗೆ ಹಿಡಿಸುವುದಿಲ್ಲ, ಮನೆ ನೋಡಲು ಬರುವವರು ತಿಳಿದಿರಲಿ. ನನಗೆ ಮಾತ್ರ ಕಬ್ಬು ಅರೆಯುವ ಕಾಲದ ಮೈಷುಗರ್ ನೆನಪಾಯಿತು. ವಾಸನೆ ಬೇರೆ, ಆದರೆ ಊರಿಗೆ ಊರೇ ಒಂದು ಕಾರ್ಖಾನೆಯ ಉಸಿರು ಕುಡಿಯುವ ರೀತಿ ಒಂದೇ.

ಚಳಿಗಾಲದ ಬಗ್ಗೆ ಎರಡು ಮಾತು. ಡಿಸೆಂಬರಿನಲ್ಲಿ ನಾಲ್ಕು ಗಂಟೆಗೆ ಮುಂಚೆಯೇ ಸೂರ್ಯ ಮುಳುಗುತ್ತಾನೆ. ಬಟ್ಟೆ ಒಳಗೇ ಒಣಗಬೇಕು, ಅಡುಗೆಯ ಹಬೆ ಒಳಗೇ ಸುತ್ತುತ್ತದೆ. ಬೆಡ್‌ರೂಮಿನ ಮೂಲೆಯಲ್ಲಿ ಬೂಷ್ಟು ಬರಲು ಶುರುವಾಯಿತು. ಏಜೆಂಟರಿಗೆ ಬರೆದು ಅಡುಗೆಮನೆಯ ಕೆಟ್ಟ ಫ್ಯಾನ್ ಸರಿ ಮಾಡಿಸಿದೆವು. ಕಿಟಕಿಯ ಮೇಲಂಚಿನಲ್ಲಿರುವ ಸಣ್ಣ ಗಾಳಿಗಂಡಿಗಳನ್ನು ಚಳಿ ಅಂತ ಮುಚ್ಚಬೇಡಿ. ತೇವ ಹೀರುವ ಯಂತ್ರ ಒಂದು ತಂದೆವು. ಅದರ ತೊಟ್ಟಿಯಲ್ಲಿ ದಿನಾ ಸಂಜೆ ಒಂದು ಚೊಂಬಿನಷ್ಟು ನೀರು ಇರುತ್ತಿತ್ತು. ಅಷ್ಟೂ ಗೋಡೆ ಕುಡಿಯುತ್ತಿತ್ತು ಅಲ್ವಾ? ಜನವರಿಯಲ್ಲಿ ಗ್ಯಾಸ್, ಕರೆಂಟು ಸೇರಿ 160 ಪೌಂಡ್ ಬಂತು.

ಪಕ್ಕದ ಮನೆಯಲ್ಲಿ ಒಬ್ಬರು ಅಜ್ಜಿ ಇದ್ದಾರೆ. ಮೊದಲ ವಾರ ಬೇಲಿಯ ಮೇಲಿಂದ ನಕ್ಕಿದ್ದು ಬಿಟ್ಟರೆ ಮಾತಿಲ್ಲ. ಒಂದು ಸಂಜೆ ಬಾಗಿಲು ತಟ್ಟಿ ಒಂದು ಚೀಟಿ ಕೊಟ್ಟರು. ಯಾವ ವಾರ ಕಪ್ಪು ಡಬ್ಬಿ, ಯಾವ ವಾರ ಮರುಬಳಕೆಯ ನೀಲಿ ಡಬ್ಬಿ ಹೊರಗಿಡಬೇಕು ಅಂತ ತಾವೇ ಕೈಯಲ್ಲಿ ಬರೆದಿದ್ದರು. ತೋಟದ ಕಸದ ಕಂದು ಡಬ್ಬಿಗೆ ಬೇರೆ ದುಡ್ಡು ಕಟ್ಟಬೇಕು, ನಿಮ್ಮದು ಸಣ್ಣ ಹಿತ್ತಲು, ನನ್ನದರಲ್ಲೇ ಹಾಕಿ ಅಂದರು. ಸಂಕ್ರಾಂತಿಗೆ ಎಳ್ಳು ಬೆಲ್ಲ ಕೊಟ್ಟು ಬಂದೆ. ಮರುದಿನ ಖಾಲಿ ಡಬ್ಬಿಯ ತುಂಬ ಅವರೇ ಮಾಡಿದ ಪ್ಲಮ್ ಜ್ಯಾಮ್ ಬಂತು.

ಕಾರಿಲ್ಲದೆ ಇಲ್ಲಿ ಇರಬಹುದು, ಆದರೆ ಸಂಜೆಯ ಮೇಲೆ ಬಸ್ಸು ಕಡಿಮೆ. ಬಸ್ಸಿಗೆ ಒಂದು ಸಲಕ್ಕೆ ಮೂರು ಪೌಂಡ್‌ಗಿಂತ ಜಾಸ್ತಿ ಇಲ್ಲ. ನಮ್ಮನೆಯವರು ಸ್ಟೇಷನ್ನಿಗೆ ಸೈಕಲ್ ತುಳಿಯುತ್ತಾರೆ. ಭಾರತದ ಡ್ರೈವಿಂಗ್ ಲೈಸೆನ್ಸ್ ನಾವು ಇಲ್ಲಿಗೆ ಬಂದ ಮೇಲೆ ಒಂದು ವರ್ಷ ಮಾತ್ರ ನಡೆಯುತ್ತದೆ, ಟೆಸ್ಟಿಗೆ ತಿಂಗಳುಗಟ್ಟಲೆ ಕಾಯಬೇಕು. ಬಂದ ತಿಂಗಳಲ್ಲೇ 34 ಪೌಂಡಿನ ಪ್ರಾವಿಷನಲ್ (ಕಲಿಯುವವರ) ಲೈಸೆನ್ಸಿಗೆ ಅರ್ಜಿ ಹಾಕಿ. ರಾಗಿ ಹಿಟ್ಟು, ಕರಿಬೇವು ತರಲು ನಾವು ಕೇಂಬ್ರಿಡ್ಜ್‌ನ ಮಿಲ್ ರೋಡಿಗೆ ಹೋಗುತ್ತೇವೆ. ಸೊಪ್ಪು, ತರಕಾರಿ, ಮೊಟ್ಟೆ ಬುಧವಾರದ ಸಂತೆಯಲ್ಲೇ.

ಇನ್ನೊಂದು ವಿಷಯ ನನಗೆ ಕೌನ್ಸಿಲ್‌ನ ಪತ್ರ ಬಂದಾಗಲೇ ಗೊತ್ತಾಗಿದ್ದು. ಭಾರತ ಕಾಮನ್‌ವೆಲ್ತ್ ದೇಶವಾದ್ದರಿಂದ, ವೀಸಾ ಮೇಲೆ ಇರುವ ನಾವೂ ಇಲ್ಲಿ ಮತದಾರರ ಪಟ್ಟಿಗೆ ಸೇರಬಹುದು. ಪಾರ್ಲಿಮೆಂಟ್ ಚುನಾವಣೆಗೂ, ಕೌನ್ಸಿಲ್ ಚುನಾವಣೆಗೂ ಮತ ಹಾಕಬಹುದು. ಪಟ್ಟಿಯಲ್ಲಿ ಹೆಸರಿದ್ದರೆ ಸಾಲದ ಚರಿತ್ರೆಗೂ ಅದು ಒಳ್ಳೆಯದು. ಮುಂದಿನ ಮನೆಗೆ ರೆಫರೆನ್ಸಿಂಗ್ ಮಾಡುವಾಗ ವಿಳಾಸ ತಾಳೆಯಾಗುತ್ತದೆ. ಆನ್‌ಲೈನ್‌ನಲ್ಲಿ ಐದು ನಿಮಿಷದ ಕೆಲಸ. ಕೆಲಸ, ತೆರಿಗೆಯ ಲೆಕ್ಕಕ್ಕೆ ಸರ್ಕಾರ ಕೊಡುವ ನ್ಯಾಷನಲ್ ಇನ್ಶೂರೆನ್ಸ್ ನಂಬರ್ ಮಾತ್ರ ಕೈಲಿಟ್ಟುಕೊಂಡು ಕೂತುಕೊಳ್ಳಿ.